ಕುಡಿತದ ನೆರಳಿನಲ್ಲಿ ಸೋಂಕು

ರಾಯಬಾಗ ತಾಲ್ಲೂಕಿನ ಕುಡಚಿ, ಕೃಷ್ಣಾ ನದಿ ದಂಡೆಯ ಕಬ್ಬಿನ ಸೀಮೆ. ಮೀರಜ್–ಲೋಂಡಾ ರೈಲು ಮಾರ್ಗದಲ್ಲಿರುವ ಈ ಊರಿಗೆ ಮಹಾರಾಷ್ಟ್ರ ದೂರವೇನಲ್ಲ. ಕಬ್ಬು ನುರಿಸುವ ಹಂಗಾಮು ಆರಂಭವಾದರೆ ಕಡಿಯುವವರ ಗ್ಯಾಂಗುಗಳು, ಟ್ರ್ಯಾಕ್ಟರ್ ಮತ್ತು ಲಾರಿ ಚಾಲಕರು ಈ ಭಾಗದಲ್ಲಿ ತಿಂಗಳುಗಟ್ಟಲೆ ಬೀಡುಬಿಡುತ್ತಾರೆ. ಮನೆಯಿಂದ ದೂರ, ಕೈಯಲ್ಲಿ ಒಂದಿಷ್ಟು ಹಣ, ಸಂಜೆಯಾದರೆ ಸೆರೆ. ಎಚ್‌ಐವಿ ಮತ್ತಿತರ ಲೈಂಗಿಕ ಸೋಂಕುಗಳ ಚರ್ಚೆಯಲ್ಲಿ ಮೊದಲೆರಡಕ್ಕೆ ದೊರೆತ ಗಮನ ಮೂರನೆಯದಕ್ಕೆ ದೊರೆತಿಲ್ಲ.

ದೂರುವುದಕ್ಕೆ ನಮಗೆ ಸುಲಭವಾಗಿ ಸಿಕ್ಕವಳು ದೇವದಾಸಿ. 1982ರಲ್ಲಿ ರಾಜ್ಯವು ಸಮರ್ಪಣೆಯನ್ನು ನಿಷೇಧಿಸಿತು. 2003ರಲ್ಲಿ ಆರಂಭವಾದ ‘ಆವಾಹನ್’ ಯೋಜನೆಯಡಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಉತ್ತರ ಕರ್ನಾಟಕದ ಲೈಂಗಿಕ ಕಾರ್ಯಕರ್ತೆಯರ ನಡುವೆ ಕೆಲಸ ಮಾಡಿತು. ನಿರೋಧ್ ಬಳಸಬೇಕೆಂಬ ಅರಿವು ಅವರಲ್ಲಿ ಮೂಡಿತು. ಆದರೆ ಅಮಲೇರಿದ ಗಿರಾಕಿ ಒಪ್ಪಬೇಕಲ್ಲ? ಆಗ ಅವಳ ಅರಿವು ನಿಷ್ಪ್ರಯೋಜಕ. ಪಟ್ಟು ಹಿಡಿದರೆ ಹೊಡೆತ. ಆ ಬದುಕನ್ನು ಸಹಿಸಲೆಂದೇ ತಾವೂ ಕುಡಿಯುವ ಹೆಂಗಸರಿದ್ದಾರೆ.

ಮದ್ಯದಿಂದ ಸೋಂಕು ಹುಟ್ಟುವುದಿಲ್ಲ, ನಿಜ. ಅದು ವಿವೇಚನೆಯನ್ನು ಮಂಕಾಗಿಸುತ್ತದೆ, ಅನಂತರ ಚಿಕಿತ್ಸೆಯನ್ನೂ ಕೆಡಿಸುತ್ತದೆ. ಸಿಫಿಲಿಸ್‌ನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ತಾನೇ ಮಾಯುತ್ತದೆ. ರೋಗ ಮಾತ್ರ ದೇಹದಲ್ಲಿ ಉಳಿಯುತ್ತದೆ. ಅಂಥ ಹುಣ್ಣಿದ್ದಾಗ ಎಚ್‌ಐವಿ ತಗಲುವ ಅಪಾಯವೂ ಹೆಚ್ಚು. ಕೆಲವು ಸೋಂಕುಗಳಿಗೆ ಕೊಡುವ ಮೆಟ್ರೋನಿಡಜೋಲ್ ಗುಳಿಗೆಯ ಜೊತೆ ಮದ್ಯ ಮುಟ್ಟಬೇಡಿ ಎಂದು ವೈದ್ಯರು ಹೇಳುವುದು ವಾಡಿಕೆ. ಕುಡಿತ ಬಿಡಲಾರದವನು ಗುಳಿಗೆಯನ್ನೇ ಬಿಟ್ಟರೆ ಆಶ್ಚರ್ಯವೇನು? ಎಚ್‌ಐವಿಗೆ ನಿತ್ಯ ನುಂಗಬೇಕಾದ ಎಆರ್‌ಟಿ ಔಷಧದ ಪಾಡೂ ಇದೇ.

ಈಶಾನ್ಯದ ಮಣಿಪುರದಲ್ಲಿ ಮಾದಕ ದ್ರವ್ಯದ ಸೂಜಿಯನ್ನು ಹಂಚಿಕೊಂಡಿದ್ದರಿಂದ ಎಚ್‌ಐವಿ ಹರಡಿದ್ದು ಎಲ್ಲರ ಕಣ್ಣಿಗೂ ಬಿತ್ತು. ನಮ್ಮಲ್ಲಿ ನಂಟು ಅಷ್ಟು ನೇರವಲ್ಲ. ಹಾಗಾಗಿ ಲೈಂಗಿಕ ರೋಗದ ‘ಸುರಕ್ಷಾ’ ಕ್ಲಿನಿಕ್ ಒಂದೆಡೆ, ವ್ಯಸನಮುಕ್ತಿ ಕೇಂದ್ರ ಇನ್ನೊಂದೆಡೆ. ಇಬ್ಬರ ನಡುವೆ ಅಲೆಯಬೇಕಾದವನು ದಿನಗೂಲಿ ಕಳೆದುಕೊಳ್ಳುವ ಕಾರ್ಮಿಕ. ಸೋಂಕಿನ ಪರೀಕ್ಷೆಗೆ ಬಂದವನಿಗೆ ಆಪ್ತ ಸಮಾಲೋಚಕರು ಕುಡಿತದ ಬಗ್ಗೆ ನಾಲ್ಕು ಪ್ರಶ್ನೆ ಕೇಳಲು ಹೊಸ ಕಟ್ಟಡ ಬೇಕಿಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳಲ್ಲಿ ಒಂದು ದಿನವನ್ನು ಈ ವಿಷಯಕ್ಕೆ ಮೀಸಲಿಡಬಹುದು. ಕಾರ್ಖಾನೆಗಳಂತೂ ಹಂಗಾಮಿನ ಮೊದಲ ವಾರವೇ ಗ್ಯಾಂಗುಗಳ ಬಿಡಾರದಲ್ಲಿ ತಪಾಸಣೆ ಏರ್ಪಡಿಸಬೇಕು. ಅದೂ ಸಂಜೆಯ ಮೊದಲು!

ನಿಷೇಧವೊಂದೇ ಮದ್ದೆನ್ನುವವರಿಗೆ 2007ರ ಜುಲೈ ನೆನಪಿರಲಿ. ಅಂದು ರಾಜ್ಯದಲ್ಲಿ ಸಾರಾಯಿ ನಿಂತಿತು. ಅದರ ಜಾಗಕ್ಕೆ ಅಗ್ಗದ ವಿಸ್ಕಿ ಬಂದಿತು.