ದೆಹಲಿಯ 491 ಸ್ಕ್ಯಾನ್‌ಗಳು, ಮೂವರ ತೀರ್ಪು

ತಲೆಯ ಸಿ.ಟಿ. ಸ್ಕ್ಯಾನ್‌ನಲ್ಲಿ ರಕ್ತಸ್ರಾವವನ್ನು ಗುರುತಿಸುವ ತಂತ್ರಾಂಶವನ್ನು ಪರೀಕ್ಷಿಸಬೇಕಾದರೆ ಪ್ರತಿ ಸ್ಕ್ಯಾನಿಗೂ ಸರಿಯುತ್ತರ ಮೊದಲೇ ಗೊತ್ತಿರಬೇಕು. ಆ ಉತ್ತರವನ್ನು ಸಿದ್ಧಪಡಿಸುವ ಕೆಲಸ ತಂತ್ರಾಂಶ ಬರೆಯುವುದಕ್ಕಿಂತ ಹಗುರವೇನಲ್ಲ ಎಂಬುದಕ್ಕೆ, ಮುಂಬೈಯ ಕ್ಯೂರ್.ಎಐ ಸಂಸ್ಥೆ 2018ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ನವದೆಹಲಿಯ ‘ಕೇರಿಂಗ್’ ಸಂಶೋಧನಾ ಕೇಂದ್ರದಿಂದ ಪಡೆದ ‘ಸಿಕ್ಯೂ500’ ಎಂಬ ಸಂಗ್ರಹವೇ ಸಾಕ್ಷಿ.

ಸಿ.ಟಿ. ಚಿತ್ರದ ಪ್ರತಿ ಬಿಂದುವೂ ಮೂಲತಃ ಒಂದು ಸಂಖ್ಯೆ. ಅಂಗಾಂಶವು ಕ್ಷ-ಕಿರಣವನ್ನು ಎಷ್ಟು ತಡೆಯುತ್ತದೆಂಬುದನ್ನು ಸೂಚಿಸುವ ಹೌನ್ಸ್‌ಫೀಲ್ಡ್ ಮಾನದಲ್ಲಿ ನೀರಿಗೆ 0, ಗಾಳಿಗೆ −1000. ಮಿದುಳಿನ ಅಂಗಾಂಶ 20ರಿಂದ 40ರ ಆಸುಪಾಸಿನಲ್ಲಿದ್ದರೆ ಹೊಸದಾಗಿ ಹೆಪ್ಪುಗಟ್ಟಿದ ರಕ್ತ 50ರಿಂದ 80ರ ನಡುವೆ ಇರುತ್ತದೆ. ಸಾವಿರಾರು ಅಂಕಗಳ ಹರವಿನಲ್ಲಿ ರೋಗನಿರ್ಣಯ ನಿಂತಿರುವುದು ಇಷ್ಟು ಕಿರಿದಾದ ಅಂತರದ ಮೇಲೆ. ಆದರೆ ಕಡತದಲ್ಲಿ ಉಳಿದಿರುವ ಸಂಖ್ಯೆ ನೇರವಾಗಿ ಈ ಮಾನದ್ದಲ್ಲ. ಬೇರೆ ಬೇರೆ ಕಂಪನಿಗಳ ಯಂತ್ರಗಳು ಪರಸ್ಪರ ಅರ್ಥಮಾಡಿಕೊಳ್ಳಲೆಂದು ರೂಪುಗೊಂಡ ಡೈಕಾಮ್ ಎಂಬ ಶಿಷ್ಟತೆಯಂತೆ, ಯಾವ ಗುಣಕದಿಂದ ಗುಣಿಸಿ ಯಾವ ಸ್ಥಿರಾಂಕವನ್ನು ಕೂಡಿಸಬೇಕೆಂಬ ಸೂಚನೆ ಕಡತದ ತಲೆಬರಹದಲ್ಲಿರುತ್ತದೆ. ಅದನ್ನು ಓದದೆ ಮುಂದುವರಿದ ತಂತ್ರಾಂಶ ಎಷ್ಟೇ ಜಾಣ ಗಣಿತವನ್ನು ಹೊಂದಿದ್ದರೂ ವ್ಯರ್ಥ.

ಸಿಕ್ಯೂ500ರ ಹೆಸರಿನಲ್ಲಿ 500 ಇದ್ದರೂ ಅಂತಿಮವಾಗಿ ಉಳಿದ ಸ್ಕ್ಯಾನ್‌ಗಳು 491. ರೋಗಿಗಳ ಚಿಕಿತ್ಸೆಯಲ್ಲಿ ಪಾತ್ರವಿಲ್ಲದ ಮೂವರು ರೇಡಿಯಾಲಜಿಸ್ಟರು ಇವನ್ನು ಪ್ರತ್ಯೇಕವಾಗಿ ಓದಿದರು. ಒಮ್ಮತ ಬಾರದ ಕಡೆ ಬಹುಮತವೇ ಸರಿಯುತ್ತರವಾಯಿತು. ಇಬ್ಬರು ಒಂದೆಡೆ, ಒಬ್ಬರು ಇನ್ನೊಂದೆಡೆ ಇದ್ದಾಗ ಆ ಒಬ್ಬರೊಂದಿಗೆ ನಿಂತ ತಂತ್ರಾಂಶ ತಪ್ಪಿತಸ್ಥವೆನಿಸುತ್ತದೆ. ಇಲ್ಲಿ ಸತ್ಯವೆಂದರೆ ತಜ್ಞರ ಒಪ್ಪಂದ, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಕಂಡ ರಕ್ತವಲ್ಲ. ಇದು ದೋಷವೆನ್ನುವುದಕ್ಕಿಂತ ಈ ವಿದ್ಯೆಯ ಮಿತಿಯೆನ್ನುವುದು ನ್ಯಾಯ.

ಈ ಸಂಗ್ರಹದ ಮೇಲೆ ರಕ್ತಸ್ರಾವದ ಪತ್ತೆಯಲ್ಲಿ ಕ್ಯೂರ್.ಎಐ ತಂತ್ರಾಂಶಕ್ಕೆ ಬಂದ ಅಂಕ 0.94, ಅಂದರೆ ರಕ್ತಸ್ರಾವವಿರುವ ಒಂದು, ಇಲ್ಲದ ಇನ್ನೊಂದು ಸ್ಕ್ಯಾನನ್ನು ಮನಬಂದಂತೆ ಆಯ್ದರೆ ಮೊದಲನೆಯದಕ್ಕೆ ಹೆಚ್ಚಿನ ಸಂದೇಹಾಂಕ ಸಿಗುವ ಸಂಭವ ನೂರರಲ್ಲಿ ತೊಂಬತ್ತನಾಲ್ಕು. ಆದರೆ ಸಂಗ್ರಹದ ಒಂದು ಭಾಗವನ್ನು ರೋಗವಿರುವ ಸ್ಕ್ಯಾನ್‌ಗಳು ಹೆಚ್ಚು ಸಿಗುವಂತೆ ಆಯ್ದಿದ್ದರಿಂದ 491ರಲ್ಲಿ 205 ಸ್ಕ್ಯಾನ್‌ಗಳಲ್ಲಿ ರಕ್ತಸ್ರಾವವಿತ್ತು. ಸಾಮಾನ್ಯ ಸ್ಕ್ಯಾನ್ ಕೇಂದ್ರದಲ್ಲಿ ಆ ಪ್ರಮಾಣ ಇರದು.

2020ರ ಏಪ್ರಿಲ್ 1ರಿಂದ ಇಂಥ ತಂತ್ರಾಂಶವೂ ಭಾರತದ ಕಾನೂನಿನಲ್ಲಿ ವೈದ್ಯಕೀಯ ಸಾಧನವೇ ಆಗಿರುವುದರಿಂದ ರೋಗದ ಪ್ರಮಾಣದಲ್ಲಿನ ಈ ವ್ಯತ್ಯಾಸ ದೆಹಲಿಯ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಗೂ ಮುಖ್ಯ. ಉದಾಹರಣೆಗೆ, ಸಾವಿರ ಸ್ಕ್ಯಾನ್‌ಗಳಲ್ಲಿ ಐವತ್ತರಲ್ಲಷ್ಟೇ ರಕ್ತಸ್ರಾವವಿದೆಯೆಂದೂ, ರೋಗವಿದ್ದಾಗಲೂ ಇಲ್ಲದಾಗಲೂ ತಂತ್ರಾಂಶ ನೂರಕ್ಕೆ ತೊಂಬತ್ತು ಬಾರಿ ಸರಿ ಹೇಳುತ್ತದೆಂದೂ ಭಾವಿಸಿದರೆ, ನಿಜವಾದ ಎಚ್ಚರಿಕೆಗಳು 45, ಸುಳ್ಳು ಎಚ್ಚರಿಕೆಗಳು 95.