ಒಡೆಯರ ಆತಂಕ, ನಾಯಿಯ ಮೈಯಲ್ಲಿ

ಸಾಕಿದ ನಾಯಿಗೆ ಮನೆಯವರ ಮನಸ್ಸು ತಿಳಿಯುತ್ತದೆ ಎಂದು ನಾಯಿ ಸಾಕಿದವರೆಲ್ಲ ಹೇಳುತ್ತಾರೆ. ಯಜಮಾನರು ಬೇಸರದಲ್ಲಿದ್ದರೆ ಅದೂ ಮೂಲೆ ಸೇರುತ್ತದೆ. ಮನೆಯಲ್ಲಿ ಮಾತಿಗೆ ಮಾತು ಬೆಳೆದರೆ ಮಂಚದ ಕೆಳಗೆ ನುಸುಳುತ್ತದೆ. ಇದು ಕೇವಲ ಪ್ರೀತಿಯಿಂದ ಆಡುವ ಮಾತೇ ಅಥವಾ ಇದಕ್ಕೆ ಶಾರೀರಿಕ ಆಧಾರವೇನಾದರೂ ಉಂಟೇ?

ಇದನ್ನು ಪರೀಕ್ಷಿಸಲು ವಿಜ್ಞಾನಿಗಳಿಗೆ ಒಂದು ಒಳ್ಳೆಯ ಅವಕಾಶ ದೊರೆತದ್ದು ಪಾಶ್ಚಾತ್ಯ ದೇಶಗಳ ಆಟದ ಮೈದಾನವೊಂದರಲ್ಲಿ. ಅಲ್ಲಿ ಮನುಷ್ಯ ಮತ್ತು ನಾಯಿ ಒಂದೇ ತಂಡವಾಗಿ ಓಡುತ್ತಾರೆ, ಇಬ್ಬರೂ ಒಟ್ಟಿಗೇ ಗೆಲ್ಲುತ್ತಾರೆ, ಒಟ್ಟಿಗೇ ಸೋಲುತ್ತಾರೆ. ಆ ಆಟದ ಹೆಸರು ಅಜಿಲಿಟಿ. ಚುರುಕುತನ ಎಂದು ಅದರ ಅರ್ಥ.

ಏನಿದು ಅಜಿಲಿಟಿ?

1978ರಲ್ಲಿ ಲಂಡನ್ನಿನ ಪ್ರಸಿದ್ಧ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ, ಬಿಡುವಿನ ವೇಳೆಯಲ್ಲಿ ಪ್ರೇಕ್ಷಕರಿಗೆ ಬೇಸರವಾಗದಿರಲೆಂದು ಈ ಆಟವನ್ನು ಮೊದಲು ಆಡಿಸಲಾಯಿತು. ಕುದುರೆ ಸವಾರರು ಬೇಲಿ ಹಾರಿಸುವ ಸ್ಪರ್ಧೆಯೇ ಇದಕ್ಕೆ ಮಾದರಿ. ಜನ ಎಷ್ಟು ಮೆಚ್ಚಿದರೆಂದರೆ ಎರಡೇ ವರ್ಷದಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ ಇದಕ್ಕೆ ಅಧಿಕೃತ ಮಾನ್ಯತೆ ನೀಡಿತು. 1996ರಿಂದ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆಯುತ್ತಿದೆ.

ಮೈದಾನದಲ್ಲಿ ಸುಮಾರು ಇಪ್ಪತ್ತು ಅಡೆತಡೆಗಳಿರುತ್ತವೆ. ಹಾರಬೇಕಾದ ಅಡ್ಡಪಟ್ಟಿಗಳು, ನುಸುಳಬೇಕಾದ ಸುರಂಗ, ಹತ್ತಿ ಇಳಿಯಬೇಕಾದ ಇಳಿಜಾರು ಹಲಗೆ, ಮಕ್ಕಳ ಪಾರ್ಕಿನಲ್ಲಿರುವಂಥ ಏರಿಳಿಯುವ ಹಲಗೆ, ಹಾವಿನಂತೆ ಸುತ್ತಿಕೊಂಡು ಸಾಗಬೇಕಾದ 12 ಕೋಲುಗಳ ಸಾಲು, ಹೀಗೆ. ಪ್ರತಿ ಸ್ಪರ್ಧೆಯಲ್ಲೂ ಇವುಗಳ ಕ್ರಮ ಬೇರೆ. ಆ ಕ್ರಮವನ್ನು ನೋಡಿಕೊಳ್ಳಲು ಓಡಿಸುವವರಿಗೆ, ಅಂದರೆ ಹ್ಯಾಂಡ್ಲರ್‌ಗೆ, ಮೊದಲೇ ಕೆಲವು ನಿಮಿಷ ಕೊಡುತ್ತಾರೆ. ನಾಯಿಗೆ ಮಾತ್ರ ಅದನ್ನು ತೋರಿಸುವಂತಿಲ್ಲ. ಓಟದಲ್ಲಿ ಹಗ್ಗವಿಲ್ಲ, ಕೈಯಲ್ಲಿ ತಿಂಡಿಯಿಲ್ಲ, ನಾಯಿಯನ್ನು ಮುಟ್ಟುವಂತೆಯೂ ಇಲ್ಲ. ದಾರಿ ತೋರಿಸಲು ಉಳಿಯುವುದು ಹ್ಯಾಂಡ್ಲರ್‌ನ ದನಿ ಮತ್ತು ಮೈಯ ಚಲನೆ ಮಾತ್ರ.

ದೊಡ್ಡ ನಾಯಿಗಳೇ ಇದರಲ್ಲಿ ಗೆಲ್ಲಬೇಕೆಂದೇನೂ ಇಲ್ಲ. ಭುಜದ ಎತ್ತರ ಸುಮಾರು 35 ಸೆಂಟಿಮೀಟರ್ ಮೀರದ ನಾಯಿಗಳಿಗೆ ಪ್ರತ್ಯೇಕ ವಿಭಾಗವಿದ್ದು, ಅಡ್ಡಪಟ್ಟಿಗಳನ್ನು ತಗ್ಗಿಸಿರುತ್ತಾರೆ. ಪಾಪಿಯಾನ್, ಜ್ಯಾಕ್ ರಸೆಲ್ ಮುಂತಾದ ತಳಿಗಳು ಇಲ್ಲಿ ಹೆಸರು ಮಾಡಿವೆ. 2024ರಲ್ಲಿ ಅಮೆರಿಕದ ವೆಸ್ಟ್‌ಮಿನ್‌ಸ್ಟರ್ ಅಜಿಲಿಟಿ ಸ್ಪರ್ಧೆಯಲ್ಲಿ ಎಲ್ಲ ಗಾತ್ರದ ನಾಯಿಗಳನ್ನೂ ಸೋಲಿಸಿ ಪ್ರಶಸ್ತಿ ಗೆದ್ದದ್ದು ನಿಂಬಲ್ ಎಂಬ ಪುಟ್ಟ ನಾಯಿ. ಅದು 12 ಅಂಗುಲದ ವಿಭಾಗದಲ್ಲಿ ಓಡಿದ್ದು, ಆ ಪ್ರಶಸ್ತಿ ಗೆದ್ದ ಮೊದಲ ಮಿಶ್ರತಳಿ ನಾಯಿಯೂ ಹೌದು.

ನೆಲದ ಮಟ್ಟದಿಂದ ನೋಡಿದರೆ

ಪುಟ್ಟ ನಾಯಿಯ ಕಣ್ಣು ನೆಲದಿಂದ ಒಂದು ಅಡಿಯಷ್ಟು ಎತ್ತರದಲ್ಲಿರುತ್ತದೆ. ಓಡುವಾಗ ಅದಕ್ಕೆ ಚೆನ್ನಾಗಿ ಕಾಣುವುದು ಒಡೆಯರ ಪಾದ, ಮಂಡಿ, ಭುಜ ತಿರುಗುವ ದಿಕ್ಕು. ಬಾಯಲ್ಲಿ 'ಎಡಕ್ಕೆ' ಎಂದು ಕೂಗಿ ಪಾದವನ್ನು ಬಲಕ್ಕೆ ಇಟ್ಟರೆ ನಾಯಿ ಸಾಮಾನ್ಯವಾಗಿ ಪಾದವನ್ನೇ ನಂಬುತ್ತದೆ. ನೋಡುವವರಿಗೆ ನಾಯಿ ತಪ್ಪಿತು ಎನಿಸುತ್ತದೆ. ನಿಜವಾಗಿ ಅದು ತನಗೆ ಕಂಡ ಸೂಚನೆಯನ್ನು ಪಾಲಿಸಿರುತ್ತದೆ. ಒಳ್ಳೆಯ ತರಬೇತುದಾರರು ತಪ್ಪಾದಾಗ ಮೊದಲು ಹ್ಯಾಂಡ್ಲರ್‌ನ ಕಾಲುಗಳತ್ತ ನೋಡುವುದು ಇದೇ ಕಾರಣಕ್ಕೆ.

ಇಷ್ಟು ಸೂಕ್ಷ್ಮವಾಗಿ ನಮ್ಮ ಮೈಯನ್ನು ಓದುವ ಪ್ರಾಣಿ, ಆ ಮೈಯೊಳಗಿನ ಆತಂಕವನ್ನೂ ಓದುವುದಿಲ್ಲವೇ?

ಜೊಲ್ಲು ಮತ್ತು ಕೂದಲು ಹೇಳಿದ ಸಾಕ್ಷಿ

ನಾವು ಗಾಬರಿಗೊಂಡಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತವೆ. ಅಪಾಯ ಎದುರಾದಾಗ ದೇಹಕ್ಕೆ ಇದು ಬೇಕು. ಆದರೆ ದಿನಗಟ್ಟಲೆ ಏರಿಯೇ ಇದ್ದರೆ ನಿದ್ದೆ, ರಕ್ತದೊತ್ತಡ, ರೋಗನಿರೋಧಕ ಶಕ್ತಿ ಎಲ್ಲದರ ಮೇಲೂ ದುಷ್ಪರಿಣಾಮವಾಗುತ್ತದೆ. ನಾಯಿಯ ದೇಹದಲ್ಲೂ ಇದೇ ಹಾರ್ಮೋನಿದೆ. ಜೊಲ್ಲಿನಲ್ಲಿ ಇದನ್ನು ಅಳೆಯಬಹುದಾದ್ದರಿಂದ ಸೂಜಿ ಚುಚ್ಚುವ ಅಗತ್ಯವಿಲ್ಲ.

ಅಮೆರಿಕದ ಸಂಶೋಧಕರು ಅಜಿಲಿಟಿ ಸ್ಪರ್ಧೆಗೆ ಮುಂಚೆ ಹಾಗೂ ನಂತರ ನಾಯಿಗಳ ಮತ್ತು ಹ್ಯಾಂಡ್ಲರ್‌ಗಳ ಜೊಲ್ಲನ್ನು ಪರೀಕ್ಷಿಸಿದರು. 2015ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಕಂಡದ್ದಿಷ್ಟು: ಮನುಷ್ಯನಲ್ಲಿ ಕಾರ್ಟಿಸಾಲ್ ಹೇಗೆ ಬದಲಾಯಿತೋ, ಅವರ ನಾಯಿಯಲ್ಲೂ ಅದಕ್ಕೆ ಹೊಂದುವಂತೆ ಬದಲಾಗಿತ್ತು.

ಇದಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು 2006ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ. ಅಜಿಲಿಟಿ ಸ್ಪರ್ಧೆಯಲ್ಲಿ ಭಾಗವಹಿಸಿದ ಗಂಡಸರು ಸೋತ ಮೇಲೆ ತಮ್ಮ ನಾಯಿಯೊಡನೆ ಹೇಗೆ ವರ್ತಿಸುತ್ತಾರೆ ಎಂಬುದನ್ನು ಇದರಲ್ಲಿ ಗಮನಿಸಲಾಯಿತು. ಕೆಲವರು ನಾಯಿಯನ್ನು ಸವರಿ ಆಡಿಸಿದರು. ಕೆಲವರು ಗದರಿದರು, ತಳ್ಳಿದರು. ಗದರಿಸಿಕೊಂಡ ನಾಯಿಗಳಲ್ಲಿ ಕಾರ್ಟಿಸಾಲ್ ಹೆಚ್ಚುವ ಪ್ರವೃತ್ತಿ ಕಂಡಿತು. ಪ್ರೀತಿ ಪಡೆದವುಗಳಲ್ಲಿ ಅದು ಕಡಿಮೆ ಇತ್ತು. ಸೋಲು ಎಂದರೇನೆಂದು ನಾಯಿಗೆ ಗೊತ್ತಿಲ್ಲ. ಅದಕ್ಕೆ ಗೊತ್ತಾಗುವುದು ಸೋಲಿನ ನಂತರ ಒಡೆಯ ತೋರುವ ಮುಖ ಮಾತ್ರ.

ಇದು ಆ ಒಂದು ದಿನದ ಮಾತಾಯಿತು. ದೀರ್ಘಕಾಲದ ಒತ್ತಡವೂ ಹೀಗೆ ದಾಟುತ್ತದೆಯೇ? ಕೂದಲು ಬೆಳೆಯುವಾಗ ರಕ್ತದಲ್ಲಿರುವ ಕಾರ್ಟಿಸಾಲ್ ಅದರಲ್ಲಿ ಸ್ವಲ್ಪ ಸ್ವಲ್ಪವಾಗಿ ಸೇರಿಕೊಳ್ಳುತ್ತದೆ. ಹಾಗಾಗಿ ಒಂದು ಎಳೆ ಕೂದಲಿನಲ್ಲಿ ಹಿಂದಿನ ಕೆಲವು ತಿಂಗಳ ಲೆಕ್ಕವಿರುತ್ತದೆ. ಸ್ವೀಡನ್ನಿನ ಲಿನ್‌ಷೋಪಿಂಗ್ ವಿಶ್ವವಿದ್ಯಾಲಯದವರು 58 ನಾಯಿಗಳ ಮತ್ತು ಅವುಗಳ ಒಡತಿಯರ ಕೂದಲನ್ನು ಬೇಸಿಗೆಯಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ನಾಯಿಗಳೆಲ್ಲ ಬಾರ್ಡರ್ ಕೋಲಿ ಮತ್ತು ಅದಕ್ಕಿಂತ ಚಿಕ್ಕದಾದ ಶೆಟ್‌ಲ್ಯಾಂಡ್ ಶೀಪ್‌ಡಾಗ್ ತಳಿಯವು. ಒಡತಿಯ ಕಾರ್ಟಿಸಾಲ್ ಹೆಚ್ಚಿದ್ದಲ್ಲಿ ನಾಯಿಯದೂ ಹೆಚ್ಚಿತ್ತು. ಸ್ಪರ್ಧೆಗೆ ಹೋಗುವ ನಾಯಿಗಳಲ್ಲಿ ಈ ಹೊಂದಿಕೆ ಇನ್ನೂ ಬಲವಾಗಿತ್ತು. ನಾಯಿಯ ಸ್ವಭಾವಕ್ಕಿಂತ ಒಡತಿಯ ಸ್ವಭಾವಕ್ಕೇ ನಾಯಿಯ ಕಾರ್ಟಿಸಾಲ್‌ನೊಡನೆ ಹೆಚ್ಚು ಸಂಬಂಧ ಕಂಡಿತು. ಒಂದರಿಂದಲೇ ಇನ್ನೊಂದು ಆಯಿತೆಂದು ಇಂಥ ಅಧ್ಯಯನದಿಂದ ಖಚಿತವಾಗಿ ಹೇಳಲಾಗದು. ಆದರೆ ಒತ್ತಡ ಹರಿಯುವ ದಾರಿ ಹೆಚ್ಚಾಗಿ ಮನುಷ್ಯನಿಂದ ನಾಯಿಗೆ ಎಂಬುದರತ್ತ ಇದು ಬೆರಳು ತೋರಿಸುತ್ತದೆ.

ನಾಯಿಗೆ ಇದು ತಿಳಿಯುವ ಒಂದು ದಾರಿ ಮೂಗು. ಮನುಷ್ಯರಿಗೆ ಕಷ್ಟದ ಲೆಕ್ಕ ಕೊಟ್ಟು ಒತ್ತಡ ಉಂಟುಮಾಡಿ, ಅವರ ಬೆವರು ಮತ್ತು ಉಸಿರಿನ ಮಾದರಿಗಳನ್ನು ತರಬೇತಾದ ನಾಯಿಗಳ ಮುಂದಿಟ್ಟಾಗ, ಅವು ನೂರಕ್ಕೆ 90ಕ್ಕೂ ಹೆಚ್ಚು ಸಲ ಒತ್ತಡದ ವಾಸನೆಯನ್ನು ಸರಿಯಾಗಿ ಗುರುತಿಸಿದವು. ಇದು 2022ರಲ್ಲಿ ಬೆಲ್‌ಫಾಸ್ಟ್‌ನ ಸಂಶೋಧಕರು ಪ್ರಕಟಿಸಿದ ವಿಷಯ. ಮೇಲುಮೇಲಿನ ನಗು ನಾಯಿಯನ್ನು ಸುಲಭವಾಗಿ ಏಮಾರಿಸಲಾರದು.

ಒಳ್ಳೆಯದೂ ದಾಟುತ್ತದೆ

ಹಾಗೆಂದು ಗಾಬರಿಯಾಗಬೇಕಿಲ್ಲ. ದಾಟುವುದು ಆತಂಕ ಮಾತ್ರವಲ್ಲ. ನಾಯಿ ಮತ್ತು ಒಡೆಯ ಒಬ್ಬರನ್ನೊಬ್ಬರು ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೆಚ್ಚುತ್ತದೆ ಎಂದು ಜಪಾನಿನ ಅಜಾಬು ವಿಶ್ವವಿದ್ಯಾಲಯದ ತಂಡ 2015ರಲ್ಲಿ ವರದಿ ಮಾಡಿತು. ತಾಯಿ ಎಳೆಗೂಸಿಗೆ ಹಾಲೂಡಿಸುವಾಗ ಸ್ರವಿಸುವ ಹಾರ್ಮೋನೂ ಇದೇ. ಮನುಷ್ಯರೇ ಸಾಕಿ ಬೆಳೆಸಿದ ತೋಳಗಳಲ್ಲಿ ಈ ಪರಿಣಾಮ ಕಂಡುಬರಲಿಲ್ಲ.

ನಾಯಿಯೊಡನೆ ನಿತ್ಯ ನಡೆಯುವ, ಓಡುವ ಅಭ್ಯಾಸ ಒಡೆಯರ ಹೃದಯಕ್ಕೂ ಹಿತ. ನಾಯಿ ಸಾಕುವುದರಿಂದ ಹೃದ್ರೋಗದ ಸಂಭವ ಕಡಿಮೆಯಾಗಬಹುದು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2013ರಲ್ಲಿ ಅಭಿಪ್ರಾಯಪಟ್ಟಿದೆ. ಆದರೆ ಕೇವಲ ಈ ಲಾಭಕ್ಕಾಗಿ ನಾಯಿ ತರಬಾರದೆಂದೂ ಅದೇ ಹೇಳಿಕೆಯಲ್ಲಿ ಎಚ್ಚರಿಸಿದೆ.

ಪುಟ್ಟ ನಾಯಿಯ ವಿಶೇಷ ಕಷ್ಟ

ದೊಡ್ಡ ನಾಯಿ ಮಾತು ಕೇಳದಿದ್ದರೆ ಮನೆಯವರು ತರಬೇತಿ ಕೊಡಿಸುತ್ತಾರೆ. ಪುಟ್ಟ ನಾಯಿ ಮಾತು ಕೇಳದಿದ್ದರೆ ಎತ್ತಿ ಕಂಕುಳಲ್ಲಿ ಇಟ್ಟುಕೊಂಡುಬಿಡುತ್ತಾರೆ. ಇವತ್ತು ಸೋಫಾ ಹತ್ತಿದರೆ ಮುದ್ದು, ನಾಳೆ ಹತ್ತಿದರೆ ಏಟು. ಆಸ್ಟ್ರಿಯಾದಲ್ಲಿ ನಾಯಿ ಸಾಕಿದವರನ್ನು ವಿಚಾರಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕ್ಕ ನಾಯಿಗಳ ಒಡೆಯರ ನಡವಳಿಕೆಯಲ್ಲಿ ಸ್ಥಿರತೆ ಕಡಿಮೆ, ಅವರು ನಾಯಿಯೊಡನೆ ಆಡುವುದೂ ಕಲಿಸುವುದೂ ಕಡಿಮೆ ಎಂದು ಕಂಡುಬಂತು. ಪದೇ ಪದೇ ಶಿಕ್ಷಿಸುವ ಮನೆಗಳ ಚಿಕ್ಕ ನಾಯಿಗಳಲ್ಲಿ ಹೆದರಿಕೆ ಹೆಚ್ಚಿತ್ತು. 'ಪುಟ್ಟ ನಾಯಿ ಸುಮ್ಮನೆ ಬೊಗಳುತ್ತದೆ, ಕಚ್ಚುತ್ತದೆ' ಎನ್ನುವವರು ಈ ಅಂಶವನ್ನು ಗಮನಿಸಬೇಕು.

ಒತ್ತಡಕ್ಕೊಳಗಾದ ನಾಯಿ ಅದನ್ನು ತನ್ನದೇ ರೀತಿಯಲ್ಲಿ ತಿಳಿಸುತ್ತದೆ. ನಿದ್ದೆ ಬಾರದಿದ್ದರೂ ಆಕಳಿಸುವುದು, ತಿಂಡಿಯಿಲ್ಲದಿದ್ದರೂ ತುಟಿ ನೆಕ್ಕುವುದು, ಮುಖ ತಿರುಗಿಸುವುದು, ಕರೆದಾಗ ನೆಲ ಮೂಸುತ್ತ ನಿಲ್ಲುವುದು, ಇದ್ದಕ್ಕಿದ್ದಂತೆ ಮೈ ಕೆರೆದುಕೊಳ್ಳುವುದು. ಇವನ್ನು ಹಟ ಅಥವಾ ಸೋಮಾರಿತನ ಎಂದು ತಿಳಿದು ಗದರಿದರೆ ಅದರ ಆತಂಕ ಹೆಚ್ಚುತ್ತದೆ, ತಪ್ಪುಗಳೂ ಹೆಚ್ಚುತ್ತವೆ.

ಮನೆಯಲ್ಲಿ ಆಡಿಸುವುದಾದರೆ

ನಮ್ಮಲ್ಲಿ ಬಹಳ ಮನೆಗಳಲ್ಲಿ ಪಮೇರಿಯನ್‌ನಂಥ ಚಿಕ್ಕ ನಾಯಿಗಳಿವೆ. ಅವಕ್ಕೆ ದೊಡ್ಡ ಮೈದಾನ ಬೇಕಿಲ್ಲ. ಎರಡು ಇಟ್ಟಿಗೆಗಳ ಮೇಲೆ ಅಡ್ಡವಾಗಿಟ್ಟ ಹಗುರ ಕೋಲು, ಎರಡೂ ಕಡೆ ತೆರೆದ ರಟ್ಟಿನ ಪೆಟ್ಟಿಗೆ, ಸಾಲಾಗಿಟ್ಟ ನಾಲ್ಕು ನೀರಿನ ಬಾಟಲಿ ಸಾಕು. ಆದರೆ ಕೆಲವು ಎಚ್ಚರಿಕೆಗಳು ಅಗತ್ಯ.

1. ಒಂದು ವರ್ಷ ತುಂಬುವ ತನಕ ಎತ್ತರ ಹಾರಿಸಬೇಡಿ. ಎಳೆಯ ಮೂಳೆಗೆ ಪೆಟ್ಟಾಗುತ್ತದೆ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ 18 ತಿಂಗಳು ತುಂಬದ ನಾಯಿಗೆ ಪ್ರವೇಶವೇ ಇಲ್ಲ. ಕೋಲು ನಾಯಿಯ ಮಂಡಿಯ ಮಟ್ಟ ಮೀರದಿರಲಿ, ಕಾಲು ತಗಲಿದರೆ ಸುಲಭವಾಗಿ ಬೀಳುವಂತಿರಲಿ.

2. ಓಡುತ್ತಿರುವಾಗ ಹಿಂಗಾಲೊಂದನ್ನು ಎತ್ತಿ ಕುಂಟುತ್ತ ನಾಲ್ಕು ಹೆಜ್ಜೆ ಹೋಗಿ ಮತ್ತೆ ಸರಿಯಾಗಿ ಓಡಿದರೆ, ಮಂಡಿಚಿಪ್ಪು ಜಾರುತ್ತಿರಬಹುದು. ಚಿಕ್ಕ ತಳಿಗಳಲ್ಲಿ ಇದು ಸಾಮಾನ್ಯ. ಪಶುವೈದ್ಯರಿಗೆ ತೋರಿಸುವ ತನಕ ಹಾರಿಸಬೇಡಿ. ಸ್ಥೂಲಕಾಯದ ನಾಯಿಗೆ ಮೊದಲು ತೂಕ ಇಳಿಸುವ ನಡಿಗೆ, ಆಮೇಲೆ ಆಟ.

3. ನಯವಾದ ಟೈಲ್ಸ್ ಅಥವಾ ಗ್ರಾನೈಟ್ ನೆಲದ ಮೇಲೆ ಆಡಿಸಬೇಡಿ. ಮಣ್ಣು, ಹುಲ್ಲು ಉತ್ತಮ.

4. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರಿನಿಂದಲೇ ಮುಖ್ಯವಾಗಿ ಮೈ ತಂಪಾಗಬೇಕು. ಆದ್ದರಿಂದ ಬೆಳಿಗ್ಗೆ ಅಥವಾ ಸಂಜೆ, ಐದರಿಂದ ಹತ್ತು ನಿಮಿಷ ಮಾತ್ರ. ಏದುಸಿರು ನಿಲ್ಲದೆ ತತ್ತರಿಸಿದರೆ ನೆರಳಿಗೆ ಒಯ್ದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಹಾಕಿ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

5. ಬಹುಕಾಲ ವ್ಯಾಯಾಮವಿಲ್ಲದ ಹಿರಿಯರು, ರಕ್ತದೊತ್ತಡ ಅಥವಾ ಮಂಡಿನೋವು ಇರುವವರು ಒಮ್ಮೆಲೇ ನಾಯಿಯೊಡನೆ ಓಡಬಾರದು. ವಾರಗಟ್ಟಲೆ ನಡೆದು ಅಭ್ಯಾಸವಾದ ಮೇಲೆ, ವೈದ್ಯರ ಸಲಹೆ ಪಡೆದು ಓಡಿ.

6. ರೇಬಿಸ್ ಲಸಿಕೆ ಕಾಲಕಾಲಕ್ಕೆ ತಪ್ಪದೆ ಹಾಕಿಸಿ. ಆಟದಲ್ಲಿ ಹಲ್ಲು ತಗಲಿ ಗಾಯವಾದರೂ ಅಲಕ್ಷ್ಯ ಸಲ್ಲದು. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ವೈದ್ಯರನ್ನು ಕಾಣಿರಿ.

7. ಸಿಟ್ಟಿನಲ್ಲಿದ್ದಾಗ, ಅವಸರದಲ್ಲಿದ್ದಾಗ ಕಲಿಸಲು ಕೂರಬೇಡಿ. ಮೊದಲು ಹತ್ತು ಸಲ ನಿಧಾನವಾಗಿ ಉಸಿರಾಡಿ. ಇದು ನಾಯಿಗೆ ಎಷ್ಟು ಒಳ್ಳೆಯದೋ ನಿಮ್ಮ ರಕ್ತದೊತ್ತಡಕ್ಕೂ ಅಷ್ಟೇ ಒಳ್ಳೆಯದು. ನಾಯಿ ತಪ್ಪಿದರೆ ಬೈಯದೆ, ಅದಕ್ಕೆ ಚೆನ್ನಾಗಿ ಬರುವ ಒಂದು ಸುಲಭದ ಆಟ ಆಡಿಸಿ, ಬೆನ್ನು ಸವರಿ, ಆ ದಿನದ ಪಾಠ ಮುಗಿಸಿ.

ಅನುಭವಿ ಹ್ಯಾಂಡ್ಲರ್‌ಗಳು ಕೊನೆಯ ಅಡೆತಡೆ ದಾಟಿದ ಕೂಡಲೇ ಅಂಕಗಳ ಫಲಕದತ್ತ ನೋಡುವುದಿಲ್ಲ. ಮೊದಲು ಬಗ್ಗಿ ನಾಯಿಯನ್ನು ಎತ್ತಿಕೊಳ್ಳುತ್ತಾರೆ, ಮುದ್ದಿಸುತ್ತಾರೆ, ತಿಂಡಿ ಕೊಡುತ್ತಾರೆ. ಗೆದ್ದರೂ ಅಷ್ಟೇ, ಸೋತರೂ ಅಷ್ಟೇ. ನಾಯಿ ಮುಂದಿನ ಸಲ ಅಂಜದೆ ಓಡುವುದು ಆ ಒಂದು ನಿಮಿಷದ ಬಲದಿಂದ.

ಮಕ್ಕಳ ಅಂಕಪಟ್ಟಿ ಕೈಗೆ ಬಂದಾಗಲೂ ಮನೆಯಲ್ಲಿ ಇಂಥದೇ ಒಂದು ನಿಮಿಷ ಬರುತ್ತದೆ. ನಾಯಿಗಾದರೂ ಮಕ್ಕಳಿಗಾದರೂ ನಮ್ಮ ಮುಖವೇ ಮೊದಲ ಫಲಿತಾಂಶ. ಅದನ್ನು ಸ್ವಲ್ಪ ಶಾಂತವಾಗಿಟ್ಟುಕೊಳ್ಳಲು ಕಲಿತರೆ ಮನೆಯವರೆಲ್ಲರ ಆರೋಗ್ಯಕ್ಕೂ ಹಿತ.