ಬ್ಯಾರೆಲ್ ಹೋಯಿತು ಅನ್ನುವ ಮುನ್ನ

ರೈಫಲ್ ಗುರಿ ತಪ್ಪತೊಡಗಿದರೆ ಮೊದಲು ಕೇಳಿಬರುವ ತೀರ್ಪು: ‘ಗುಂಡು ಉಜ್ಜಿ ಉಜ್ಜಿ ಬ್ಯಾರೆಲ್ ಸವೆದಿದೆ, ಬದಲಾಯಿಸಿಬಿಡಿ.’

ಬ್ಯಾರೆಲ್ಲನ್ನು ತಿನ್ನುವುದು ಗುಂಡಿನ ಉಜ್ಜಾಟಕ್ಕಿಂತ ಹೆಚ್ಚಾಗಿ ಮದ್ದಿನ ಬೆಂಕಿ. ಬ್ರಿಟಿಷ್ ಸೇನೆ ಇದನ್ನು ಬೆಲೆ ತೆತ್ತು ಕಲಿಯಿತು. 1888ರ ಲೀ-ಮೆಟ್‌ಫರ್ಡ್ ರೈಫಲ್ಲಿನ ಒಳಗಿನ ಸುರುಳಿ ಗೀರುಗಳು ಕರಿಮದ್ದಿಗೆ ಹೊಂದುವಂತೆ ಆಳವಿಲ್ಲದೆ, ಅಂಚು ಉರುಟಾಗಿದ್ದವು. ಕರಿಮದ್ದು ಹೋಗಿ ಕಾರ್ಡೈಟ್ ಬಂದಾಗ, ನೂರಕ್ಕೆ 58 ಪಾಲು ನೈಟ್ರೋಗ್ಲಿಸರಿನ್ ಇದ್ದ ಆ ಮದ್ದಿನ ಕಾವಿಗೆ ಗೀರುಗಳು ಬೇಗನೆ ಅಳಿದವು. 1895ರಲ್ಲಿ ಐದು ಆಳವಾದ ಗೀರುಗಳ ಎನ್‌ಫೀಲ್ಡ್ ಬ್ಯಾರೆಲ್ ಬಂತು. ಮುಂದೆ ಮದ್ದಿನಲ್ಲೂ ನೈಟ್ರೋಗ್ಲಿಸರಿನ್ ಪಾಲನ್ನು 30ಕ್ಕೆ ಇಳಿಸಿದರು. ಬ್ಯಾರೆಲ್ಲಿನ ಒಳಮೈ ನುಣುಪಾಗಿರಲೆಂದು ಕಾರ್ಡೈಟ್‌ಗೆ ವ್ಯಾಸಲೀನ್ ಬೆರೆಸಿದ್ದರಂತೆ. ಅದು ನಿಜವಾಗಿ ಉಪಕಾರ ಮಾಡಿದ್ದು ಮದ್ದು ಕೆಡದಂತೆ ಕಾಯ್ದು!

ಈ ಬೆಂಕಿಯ ಹೊಡೆತ ಬೀಳುವುದು ತೋಟಾ ಕೂರುವ ಚೇಂಬರ್ ಮುಗಿದು ಗೀರು ಶುರುವಾಗುವ ಜಾಗಕ್ಕೆ. ಹಾಗಾಗಿ ಬಾಯಿಯ ಕಡೆಯಿಂದ ಇಣುಕಿ ‘ಫಳಫಳ ಹೊಳೆಯುತ್ತಿದೆ, ಏನೂ ಆಗಿಲ್ಲ’ ಅನ್ನುವುದೂ ಅಷ್ಟೇ ಮೋಸ. ಒಳಗೆ ತೂರಿಸುವ ಸಣ್ಣ ಕ್ಯಾಮೆರಾ ಬೇಕು. ಗುರಿಕಾರರ .22 ರೈಫಲ್ಲಿಗೆ ಈ ಚಿಂತೆ ಕಡಿಮೆ: ಮದ್ದು ಸ್ವಲ್ಪ, ಗುಂಡು ಸೀಸದ್ದು, ಬ್ಯಾರೆಲ್ ಹತ್ತಾರು ಸಾವಿರ ಗುಂಡು ತಾಳುತ್ತದೆ. ಸಣ್ಣ ಗುಂಡಿನ ಹಿಂದೆ ರಾಶಿ ಮದ್ದು ತುಂಬುವ ತೋಟಾಗಳಾದರೆ ಒಂದೆರಡು ಸಾವಿರಕ್ಕೇ ನಿಖರತೆ ಕಳೆಯಬಹುದು.

ಎಷ್ಟೋ ಸಲ ಸವೆತವೇ ಇರುವುದಿಲ್ಲ. ಸಡಿಲವಾದ ಸ್ಕ್ರೂ, ಅಲುಗಾಡುವ ದುರ್ಬೀನು, ಒಳಗೆ ಅಂಟಿದ ತಾಮ್ರ, ಬೇರೆ ಬ್ಯಾಚಿನ ತೋಟಾ, ಇವೆಲ್ಲ ಅದೇ ರೋಗಲಕ್ಷಣ ತೋರುತ್ತವೆ. ಬಾಯಿಯ ಅಂಚು ಏಟು ತಿಂದಿದ್ದರೆ ಅಥವಾ ಸಲಾಕೆಯನ್ನು ಬಾಯಿಯಿಂದ ತುರುಕಿ ಒರೆಸಿ ಒರೆಸಿ ಕೆಟ್ಟಿದ್ದರೆ ಅಷ್ಟನ್ನು ಮಾತ್ರ ಹೊಸದಾಗಿ ಕಡೆಸಿದರೆ ಸಾಕು.

ಚೇಂಬರಿನ ಮುಂದೆ ಸವೆದು ಉಳಿದ ಗೀರು ಚೆನ್ನಾಗಿದ್ದರೆ ಹಿಂಭಾಗವನ್ನು ತುಸು ಕತ್ತರಿಸಿ, ಹೊಸ ಚೇಂಬರ್ ಕೊರೆದು ಕೂರಿಸಬಹುದು. ಆದರೆ ಇದು ಅಗ್ಗದ ದಾರಿ ಎಂಬ ನಂಬಿಕೆಗೆ ಆಧಾರ ಸಾಲದು. ಲೇತಿನ ಕೆಲಸ, ಅಳತೆಯ ಪರೀಕ್ಷೆ ಎಲ್ಲ ಹೊಸ ಬ್ಯಾರೆಲ್ಲಿಗಾಗುವಷ್ಟೇ. ಸಿಗುವ ಆಯಸ್ಸು ಅದರ ಒಂದು ಪಾಲು. ಒಳ್ಳೆಯ, ದುಬಾರಿ ಬ್ಯಾರೆಲ್ಲಾಗಿದ್ದರೆ ಮಾತ್ರ ಯೋಚಿಸುವಂಥದ್ದು. ತುಕ್ಕು ಹಿಡಿದು ಗುಳಿ ಬಿದ್ದಿದ್ದರೆ ಹೊಸದೇ ಸರಿ.

ಕೊಡಗಿನಲ್ಲಿ ಇನ್ನೊಂದು ಮಾತಿದೆ: ‘ನಮಗೆ ಲೈಸೆನ್ಸೇ ಬೇಡ, ರಿಪೇರಿಗೇಕೆ?’ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ) ಭೂಮಿಯ ಹಿಡುವಳಿದಾರರಿಗೂ 2029ರವರೆಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ರಿಪೇರಿ ಕಸುಬಿಗೆ ಲೈಸೆನ್ಸ್ ಕೇಳುತ್ತದೆ, 6ನೇ ಕಲಂ ಬ್ಯಾರೆಲ್ ಮೊಟಕುಗೊಳಿಸುವುದಕ್ಕೆ. ಊರಿನ ಲೇತ್ ಅಂಗಡಿಗೆ ಕೊಡುವ ಕೆಲಸ ಇದಲ್ಲ.